ಹೆಲಿಕೇಸ್ ಯಾವ ದಿಕ್ಕಿಗೆ ಓಡುತ್ತದೆ? ಎರಡು ಪುಸ್ತಕದಲ್ಲಿ ಎರಡು ಉತ್ತರ

ಕೃಷ್ಣೆಯ ದಂಡೆ, ಜಮಖಂಡಿ:

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಮಾಲಿಕ್ಯುಲರ್ ಬಯಾಲಜಿ ಪೇಪರ್ ಹತ್ತಿರ ಬಂತು. ಹೆಲಿಕೇಸ್ ಮೇಲೆ ಐದು ಅಂಕದ ಪ್ರಶ್ನೆ ಬಂದೇ ಬರುತ್ತದೆ ಅಂತ ಸೀನಿಯರ್ ಹುಡುಗಿಯರು ಹೇಳಿದ್ದಾರೆ. ನಮ್ಮ ನೋಟ್ಸ್‌ನಲ್ಲಿ ಇರುವುದು ಒಂದೇ ಸಾಲು: "ಹೆಲಿಕೇಸ್ ಹೈಡ್ರೋಜನ್ ಬಂಧಗಳನ್ನು ಕತ್ತರಿಸಿ ಡಿಎನ್‌ಎ ಬಿಚ್ಚುತ್ತದೆ." ಪಕ್ಕದಲ್ಲಿ ಚಿತ್ರ. ಎರಡು ಎಳೆಗಳು ಬೇರೆಯಾಗುವ ಕವಲಿನ ಬಾಯಲ್ಲಿ ಒಂದು ತ್ರಿಕೋನ, ಅದರ ಮೇಲೆ ಹೆಲಿಕೇಸ್ ಅಂತ ಹೆಸರು. ಅಷ್ಟೇ. ಐದು ಅಂಕಕ್ಕೆ ಇದರಲ್ಲಿ ಏನು ಬರೆಯೋದು?

ಹಾಸ್ಟೆಲ್‌ನಲ್ಲಿ ನಾನೂ ನನ್ನ ರೂಮ್‌ಮೇಟೂ ಇದೇ ವಿಷಯಕ್ಕೆ ವಾದಕ್ಕಿಳಿದೆವು. ಅವಳ ಪುಸ್ತಕದಲ್ಲಿ ಹೆಲಿಕೇಸ್ 5'→3' ದಿಕ್ಕಿಗೆ ಓಡುತ್ತದೆ ಅಂತಿದೆ (ಡಿಎನ್‌ಎ ಎಳೆಯ ಒಂದು ತುದಿಗೆ 5', ಇನ್ನೊಂದಕ್ಕೆ 3' ಅಂತ ಹೆಸರು). ನನ್ನ ಪುಸ್ತಕದಲ್ಲಿ 3'→5' ಅಂತಿದೆ. ಎರಡೂ ಲೈಬ್ರರಿಯ ದಪ್ಪ ಪುಸ್ತಕಗಳೇ, ಗೈಡ್ ಅಲ್ಲ. ಯಾವುದನ್ನು ನಂಬಬೇಕು?

ಇನ್ನೊಂದು ಮಾತು. ಕೋಶದ ಇಂಧನವಾದ ಎಟಿಪಿ ಖರ್ಚಾಗುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ಆ ಎಟಿಪಿ ಅಲ್ಲಿ ಮಾಡುವ ಕೆಲಸ ಏನು ಅಂತ ಯಾರೂ ಬರೆಯುವುದಿಲ್ಲ. ಆ ತ್ರಿಕೋನ ಮುಂದೆ ಸರಿಯುವುದಾದರೂ ಹೇಗೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.


ಮಲಪ್ರಭಾ ಬಲದಂಡೆ, ಬಾದಾಮಿ:

ಪರೀಕ್ಷೆಗೆ ತಾನೇ? 5'→3' ಅಂತ ಬರೆದುಬಿಡಿ. ಕಾಲೇಜಲ್ಲಿ ಎಲ್ಲರೂ ಕಲಿಸೋದು ಇ. ಕೋಲಿ ಬ್ಯಾಕ್ಟೀರಿಯಾದ ಕಥೆಯನ್ನೇ. ಇದಕ್ಕೇ ತಲೆ ಕೆಡಿಸಿಕೊಂಡು ಕೂತರೆ ಉಳಿದ ಚಾಪ್ಟರ್‌ಗಳು ಹಾಗೇ ಉಳಿಯುತ್ತವೆ ನೋಡಿ. ನಾನು ಹಾಗೇ ಪಾಸಾದೆ ರೀ.


ಗುಮ್ಮಟದ ನೆರಳು, ವಿಜಯಪುರ:

ಬಾದಾಮಿಯವರೇ, ನಿಮ್ಮ ಉಪಾಯದಿಂದ ಅಂಕ ಬರಬಹುದು. ಆದರೆ ಆ ಹುಡುಗಿ ಕೇಳಿದ್ದು ಅದನ್ನಲ್ಲ. ಡಿಗ್ರಿ ಕಾಲೇಜಿನಲ್ಲಿ ಝೂಆಲಜಿ ಪಾಠ ಮಾಡುತ್ತಾ ಬಂದವಳು ನಾನು. ಆ ತ್ರಿಕೋನದ ಚಿತ್ರ ಕಂಡರೆ ನನಗೆ ಸಿಟ್ಟು ಬರುತ್ತದೆ.

ತಂಗಿ, ಎರಡೂ ಪುಸ್ತಕ ಸರಿ ಇವೆ. ಯಾರ ಹೆಲಿಕೇಸ್ ಅಂತ ನೋಡು, ಜಗಳ ಮುಗಿಯುತ್ತದೆ. ಅವಳ ಪುಸ್ತಕ ಹೇಳುತ್ತಿರುವುದು ಇ. ಕೋಲಿಯ ಡಿಎನ್‌ಎ-ಬಿ ಅನ್ನುವ ಪ್ರೋಟೀನಿನ ಬಗ್ಗೆ. ನಿನ್ನದು ಹೇಳುತ್ತಿರುವುದು ಯೀಸ್ಟ್‌ನಿಂದ ಮನುಷ್ಯರ ತನಕ ಇರುವ ಎಂಸಿಎಂ 2-7 ಬಗ್ಗೆ. ಮೊದಲನೆಯದು 5'→3' ಓಡುತ್ತದೆ, ಎರಡನೆಯದು 3'→5'. ಯಾಕೆ ಅಂತ ತಿಳಿಯಬೇಕಾದರೆ ಮೊದಲು ತ್ರಿಕೋನವನ್ನು ತಲೆಯಿಂದ ತೆಗೆ.

ಅದು ತ್ರಿಕೋನವಲ್ಲ, ಉಂಗುರ. ಆರು ತುಂಡು ಸೇರಿ ಆದ ಉಂಗುರ. ಡಿಎನ್‌ಎ-ಬಿಯಲ್ಲಿ ಆರೂ ಒಂದೇ ಪ್ರೋಟೀನಿನ ಪ್ರತಿಗಳು. ಒಂದೊಂದರಲ್ಲಿ 471 ಅಮೈನೋ ಆಮ್ಲ. ಎಂಸಿಎಂನಲ್ಲಿ ಆರೂ ಬೇರೆ ಬೇರೆ, ಅದಕ್ಕೇ 2ರಿಂದ 7ರ ತನಕ ಆರು ನಂಬರ್. ಉಂಗುರಕ್ಕೆ ಎರಡು ಅಂತಸ್ತು ಇರುತ್ತದೆ. ಡಿಎನ್‌ಎ-ಬಿಯಲ್ಲಿ ಒಂದು ಅಂತಸ್ತು ಕಾಲರ್ ಇದ್ದಂತೆ ಹಿಡಿದು ನಿಲ್ಲುತ್ತದೆ. ಇನ್ನೊಂದು ಅಂತಸ್ತಿನಲ್ಲಿ ಎಟಿಪಿ ಉರಿಸುವ ಮೋಟಾರ್ ಇದೆ.

ಈಗ ಮುಖ್ಯ ಮಾತು. ಈ ಉಂಗುರ ಎರಡು ಎಳೆಗಳ ನಡುವೆ ನುಗ್ಗಿ ಸೀಳುವುದಿಲ್ಲ. ಒಂದು ಎಳೆಯನ್ನು ತನ್ನ ತೂತಿನೊಳಗೆ ಹಾಕಿಕೊಳ್ಳುತ್ತದೆ. ಇನ್ನೊಂದನ್ನು ಹೊರಗೆ ಬಿಡುತ್ತದೆ. ಒಳಗಿನ ಎಳೆಯ ಮೇಲೆ ಮುಂದೆ ಹೋಗುತ್ತಾ ಹೋದಂತೆ ಹೊರಗಿನ ಎಳೆಗೆ ಜಾಗ ಇಲ್ಲ, ಅದು ಬೇರೆಯಾಗಲೇ ಬೇಕು. ಅಷ್ಟೇ ವಿಷಯ.

ನಂಬಿಕೆ ಬರದಿದ್ದರೆ ಕೈಯಲ್ಲಿ ಮಾಡಿ ನೋಡು. ನಾನು ಕ್ಲಾಸಿನಲ್ಲಿ ಪುಂಡಿ ನಾರಿನ ಹಗ್ಗ ಹೊಸೆಯಿಸುತ್ತೇನೆ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಮೂರೆಳೆಯದು, ಬೇಡ. ಎರಡೆಳೆಯದೇ ಬೇಕು. ಒಂದು ಎಳೆ ಬಿಳಿ, ಇನ್ನೊಂದಕ್ಕೆ ಶಾಯಿ ಹಚ್ಚಿದರೆ ಇನ್ನೂ ಒಳ್ಳೆಯದು. ಒಂದು ತುದಿಯನ್ನು ಕಿಟಕಿ ಸರಳಿಗೆ ಬಿಗಿಯಾಗಿ ಕಟ್ಟು. ಕೈಯಲ್ಲಿರುವ ತುದಿಯಲ್ಲಿ ಒಂದು ಗೇಣು ಬಿಚ್ಚಿ, ನಲ್ಲಿ ರಿಪೇರಿಗೆ ಬಳಸುವ ಒಂದು ವಾಷರ್ ತಗೊಂಡು ಬಿಳಿ ಎಳೆಗೆ ಮಾತ್ರ ಪೋಣಿಸು. ವಾಷರ್ ತೂತು ಒಂದು ಎಳೆ ಸಲೀಸಾಗಿ ಹೋಗುವಷ್ಟಿರಬೇಕು, ಎರಡು ಹಿಡಿಸಬಾರದು. ಈಗ ಅದನ್ನು ಕಿಟಕಿ ಕಡೆಗೆ ತಳ್ಳು. ಶಾಯಿಯ ಎಳೆ ತಾನಾಗಿಯೇ ಕಳಚಿಕೊಂಡು ಬೀಳುತ್ತದೆ. ನೀನು ಅದನ್ನು ಮುಟ್ಟಿಯೂ ಇರುವುದಿಲ್ಲ.

ಇನ್ನು ದಿಕ್ಕು. ಒಂದು ಕವಲು ಬರೆ, ಎಡದಿಂದ ಬಲಕ್ಕೆ ಸರಿಯುತ್ತಿದೆ ಅಂತ ಇಟ್ಟುಕೋ. ಪಾಲಿಮರೇಸ್ ಹೊಸ ಎಳೆಯನ್ನು 5'→3' ದಿಕ್ಕಿನಲ್ಲೇ ಕಟ್ಟುವುದು, ಅಂದರೆ ಹಳೆಯ ಎಳೆಯನ್ನು 3'→5' ಓದುವುದು. ಇದು ನಿನಗೆ ಗೊತ್ತೇ ಇದೆ. ಲೀಡಿಂಗ್ ಎಳೆ, ಅಂದರೆ ಕವಲು ಸರಿಯುವ ಕಡೆಗೇ ಬೆಳೆಯುವ ಹೊಸ ಎಳೆ, ಅದನ್ನು ಕಟ್ಟುವ ಪಾಲಿಮರೇಸ್ ಕವಲಿನ ಹಿಂದೆಯೇ ಹೋಗುತ್ತದೆ. ಹಾಗಾದರೆ ಅದರ ಕೆಳಗಿರುವ ಹಳೆಯ ಎಳೆ ಕವಲಿನ ಕಡೆಗೆ 3'→5' ಆಗಿ ಹಾಸಿಕೊಂಡಿದೆ. ಎದುರು ಎಳೆ, ಅಂದರೆ ಲ್ಯಾಗಿಂಗ್ ಕಡೆಯದು, ಅದಕ್ಕೆ ತಿರುಗುಮುರುಗು, ಅದು ಕವಲಿನ ಕಡೆಗೆ 5'→3'. ಮನುಷ್ಯರ ಎಂಸಿಎಂ ಕೂರುವುದು ಲೀಡಿಂಗ್ ಕಡೆಯ ಹಳೆಯ ಎಳೆಯ ಮೇಲೆ. ಬ್ಯಾಕ್ಟೀರಿಯಾದ ಡಿಎನ್‌ಎ-ಬಿ ಕೂರುವುದು ಲ್ಯಾಗಿಂಗ್ ಕಡೆಯ ಹಳೆಯ ಎಳೆಯ ಮೇಲೆ. ಇಬ್ಬರೂ ಹೋಗುವುದು ಕವಲು ಸರಿಯುವ ಕಡೆಗೇ. ಹಿಡಿದ ಎಳೆ ಬೇರೆ, ಅದಕ್ಕೆ ನಂಬರ್ ಉಲ್ಟಾ.

ಆದ್ದರಿಂದ ಉತ್ತರದಲ್ಲಿ ಜೀವಿಯ ಹೆಸರು ಬರೆಯದೆ ಬರೀ ದಿಕ್ಕು ಬರೆದರೆ ಅದು ಅರ್ಧ ಉತ್ತರ. ಬಾದಾಮಿಯವರೇ, ಕೇಳಿಸಿತಾ?

ಕತ್ತರಿಸುತ್ತದೆ ಅನ್ನುವ ಪದ ದಯವಿಟ್ಟು ಬರೆಯಬೇಡ. ಡಿಎನ್‌ಎಯ ಬೆನ್ನೆಲುಬನ್ನು ಕತ್ತರಿಸುವ ಕಿಣ್ವಗಳು ಬೇರೆ ಇವೆ, ಅವು ನ್ಯೂಕ್ಲಿಯೇಸ್‌ಗಳು. ಎದುರುಬದುರು ಎಳೆಗಳ ಬೇಸ್‌ಗಳಲ್ಲಿ ಎ-ಟಿ ನಡುವೆ ಎರಡು, ಜಿ-ಸಿ ನಡುವೆ ಮೂರು ಹೈಡ್ರೋಜನ್ ಬಂಧಗಳು ಹೆಲಿಕೇಸ್ ದಾರಿಯಲ್ಲಿ ಬಿಟ್ಟುಕೊಳ್ಳುತ್ತವೆ. ಎಳೆಗಳು ಮಾತ್ರ ಇಡಿಯಾಗಿಯೇ ಇರುತ್ತವೆ.

ಎಟಿಪಿ ವಿಷಯ ಸಂಜೆ ಬರೆಯುತ್ತೇನೆ. ಅದನ್ನು ಎರಡು ಸಾಲಿನಲ್ಲಿ ಮುಗಿಸಿದರೆ ಮತ್ತೆ ತ್ರಿಕೋನಕ್ಕೇ ಬರುತ್ತೇವೆ.


ಕೃಷ್ಣೆಯ ದಂಡೆ, ಜಮಖಂಡಿ:

ಮೇಡಂ, ಪುಂಡಿ ನಾರು ಸಿಗಲಿಲ್ಲ. ಎರಡು ಶೂ ಲೇಸ್ ಹೊಸೆದು ಮಾಡಿದೆವು. ಕೆಲಸ ಮಾಡಿತು! ಆದರೆ ಒಂದು ತೊಂದರೆ ಆಯಿತು. ವಾಷರ್ ತಳ್ಳುತ್ತಾ ಹೋದಂತೆ ಕಿಟಕಿ ಕಡೆ ಉಳಿದ ಭಾಗ ಬಿಗಿಯಾಗುತ್ತಾ ಬಂತು. ಕೊನೆಗೆ ಗಂಟುಗಂಟಾಗಿ ಸುತ್ತಿಕೊಂಡಿತು. ಇನ್ನು ಮುಂದೆ ತಳ್ಳಲು ಆಗಲೇ ಇಲ್ಲ. ರೂಮ್‌ಮೇಟ್ ನಕ್ಕಿದ್ದೇ ನಕ್ಕಿದ್ದು. ನಿಜವಾದ ಡಿಎನ್‌ಎಯಲ್ಲೂ ಹೀಗೇ ಆಗುತ್ತದಾ? ಇನ್ನೊಂದು, ಉಂಗುರ ಮುಚ್ಚಿಕೊಂಡೇ ಇದ್ದರೆ ಎಳೆಯ ನಡುವಿಗೆ ಅದು ಹೋಗಿ ಸೇರುವುದು ಹೇಗೆ? ನಮಗೇನೋ ಲೇಸಿನ ತುದಿ ಸಿಕ್ಕಿತು. ಬ್ಯಾಕ್ಟೀರಿಯಾದ ಡಿಎನ್‌ಎಗೆ ತುದಿಯೇ ಇಲ್ಲ ಅಲ್ವಾ?


ಗುಮ್ಮಟದ ನೆರಳು, ವಿಜಯಪುರ:

ಭೇಷ್. ಈ ಎರಡು ಪ್ರಶ್ನೆ ಕೇಳುವವರು ಕ್ಲಾಸಿನಲ್ಲಿ ಕಡಿಮೆ.

ಗಂಟಿನ ವಿಷಯ ಮೊದಲು. ಹೌದು, ಡಿಎನ್‌ಎಯಲ್ಲೂ ಹಾಗೇ ಆಗುತ್ತದೆ, ಅದೂ ಜೋರಾಗಿ. ಡಿಎನ್‌ಎಗೆ ಸುಮಾರು 10.5 ಬೇಸ್ ಜೋಡಿಗೆ ಒಂದು ಸುತ್ತು. ಇ. ಕೋಲಿಯ ಕವಲು ಸೆಕೆಂಡಿಗೆ ಸುಮಾರು 1000 ಜೋಡಿ ಮುಂದೆ ಹೋಗುತ್ತದೆ. ಭಾಗಿಸಿ ನೋಡು, ಸೆಕೆಂಡಿಗೆ 95 ಸುತ್ತು ಬಿಚ್ಚಬೇಕು. ಬಿಚ್ಚಿದ ಸುತ್ತಿನ ಹುರಿಯೆಲ್ಲಾ ಮುಂದಿನ ಭಾಗಕ್ಕೆ ಹೋಗಿ ಸೇರುತ್ತದೆ. ಅದನ್ನು ಸಡಿಲ ಮಾಡಲು ಮುಂದೆ ಜೈರೇಸ್ ಅನ್ನುವ ಕಿಣ್ವ ಕೂತಿರುತ್ತದೆ. ಅದು ಟೊಪೊಐಸೋಮರೇಸ್ ಗುಂಪಿನದು. ಅದು ಎರಡೂ ಎಳೆಗಳನ್ನು ಕಡಿದು, ಆ ಸಂದಿಯಲ್ಲಿ ಡಿಎನ್‌ಎಯ ಇನ್ನೊಂದು ಭಾಗವನ್ನು ದಾಟಿಸಿ, ಮತ್ತೆ ಬೆಸೆಯುತ್ತದೆ. ಕಡಿಯುವ ಕೆಲಸ ಯಾರದು, ಬಿಡಿಸುವ ಕೆಲಸ ಯಾರದು ಅಂತ ಈಗ ಸ್ಪಷ್ಟ ಆಯಿತಲ್ಲ?

ಇನ್ನು ಉಂಗುರ ಒಳಗೆ ಬರುವುದು. ಇ. ಕೋಲಿಯ ಡಿಎನ್‌ಎ ಸುಮಾರು 46 ಲಕ್ಷ ಜೋಡಿಗಳ ಬಳೆ. ಅದರಲ್ಲಿ ಓರಿ-ಸಿ ಅನ್ನುವ ಒಂದು ಜಾಗ ಇದೆ, 245 ಜೋಡಿಯಷ್ಟು ಉದ್ದ. ಕೆಲಸ ಶುರುವಾಗುವುದು ಅಲ್ಲೇ. ಡಿಎನ್‌ಎ-ಎ ಅನ್ನುವ ಪ್ರೋಟೀನ್‌ಗಳು ಗುಂಪಾಗಿ ಬಂದು ಕೂತು, ಎ-ಟಿ ಜಾಸ್ತಿ ಇರುವ ಭಾಗವನ್ನು ಸ್ವಲ್ಪ ಬಿಚ್ಚುತ್ತವೆ. ಎ-ಟಿ ಜೋಡಿಗೆ ಎರಡೇ ಬಂಧ, ಸುಲಭ. ಆಮೇಲೆ ಡಿಎನ್‌ಎ-ಸಿ ಬರುತ್ತದೆ. ಅದು ಹೆಲಿಕೇಸಿನ ಉಂಗುರಕ್ಕೆ ಅಂಟಿಕೊಂಡು ಒಂದು ಕಡೆ ಬಾಯಿ ತೆರೆಸುತ್ತದೆ, ಎಳೆಯ ಮೇಲೆ ಕೂರಿಸುತ್ತದೆ, ತಾನು ಹೊರಟು ಹೋಗುತ್ತದೆ. ಎರಡು ಎಳೆಗೆ ಎರಡು ಉಂಗುರ. ಅವು ಎರಡು ದಿಕ್ಕಿಗೆ ಹೊರಡುತ್ತವೆ. 46 ಲಕ್ಷವನ್ನು ಇಬ್ಬರು ಹಂಚಿಕೊಂಡರೆ ತಲಾ 23 ಲಕ್ಷ, ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿ ಸುಮಾರು 40 ನಿಮಿಷ. ಪುಸ್ತಕದಲ್ಲಿ ಬರುವ ಆ 40 ನಿಮಿಷ ಇಲ್ಲಿಂದಲೇ ಬಂದದ್ದು.

ನಮ್ಮ ಜೀವಕೋಶದ ಪದ್ಧತಿ ಬೇರೆ. ಕೋಶ ಇನ್ನೂ ನಕಲಿಗೆ ಮೊದಲಿನ ಜಿ1 ಹಂತದಲ್ಲಿರುವಾಗಲೇ ಎಂಸಿಎಂ ಉಂಗುರಗಳನ್ನು ಜೋಡಿ ಜೋಡಿಯಾಗಿ ತಂದು ಕೂರಿಸಿ ಆಗಿರುತ್ತದೆ. ವಿಚಿತ್ರ ಏನೆಂದರೆ, ಆಗ ಅವು ಎರಡೂ ಎಳೆಗಳನ್ನು ಒಟ್ಟಿಗೇ ಸುತ್ತಿಕೊಂಡು ಸುಮ್ನೆ ಕೂತಿರುತ್ತವೆ. ಕೆಲಸ ಮಾಡುವುದಿಲ್ಲ. ನಕಲು ನಡೆಯುವ ಎಸ್ ಹಂತ ಬಂದಾಗ ಎರಡು ಬಗೆಯ ಕೈನೇಸ್‌ಗಳು (ಫಾಸ್ಫೇಟ್ ಅಂಟಿಸುವ ಕಿಣ್ವಗಳು) ಅಪ್ಪಣೆ ಕೊಡುತ್ತವೆ. ಸಿಡಿಸಿ45 ಮತ್ತು ಜಿಐಎನ್‌ಎಸ್ ಅನ್ನುವ ಪ್ರೋಟೀನ್‌ಗಳು ಬಂದು ಸೇರಿಕೊಳ್ಳುತ್ತವೆ. ಒಂದು ಎಳೆಯನ್ನು ಹೊರಗೆ ದೂಡಲಾಗುತ್ತದೆ. ಆಮೇಲೇ ಓಟ. ಈ ಮೂರೂ ಸೇರಿದ ಯಂತ್ರಕ್ಕೆ ಸಿಎಂಜಿ ಅಂತ ಹೆಸರು. ಕೂರಿಸುವ ಕಾಲ ಬೇರೆ, ಓಡಿಸುವ ಕಾಲ ಬೇರೆ ಆದ್ದರಿಂದ ಒಂದೇ ಜಾಗದಲ್ಲಿ ಎರಡು ಸಲ ನಕಲು ಶುರುವಾಗುವುದಿಲ್ಲ. ನನಗೆ ಇಡೀ ಪಾಠದಲ್ಲಿ ಅತಿ ಚೆಂದ ಕಾಣುವುದು ಇದೇ ವ್ಯವಸ್ಥೆ. ನಿನ್ನ ಸಿಲಬಸ್‌ನಲ್ಲಿ ಇಲ್ಲದಿದ್ದರೂ ಓದಿಕೋ.

ಈಗ ಎಟಿಪಿ. ಎಟಿಪಿ ಕೂರುವುದು ಒಂದು ತುಂಡಿನ ಹೊಟ್ಟೆಯಲ್ಲಿ ಅಲ್ಲ, ಎರಡು ತುಂಡು ಸೇರುವ ಸಂದಿಯಲ್ಲಿ. ಒಂದು ತುಂಡು ತನ್ನ ವಾಕರ್ ಎ ಅನ್ನುವ ಕುಣಿಕೆಯಿಂದ ಎಟಿಪಿಯ ಫಾಸ್ಫೇಟ್‌ಗಳನ್ನು ಹಿಡಿಯುತ್ತದೆ. ಪಕ್ಕದ ತುಂಡು ಒಂದು ಆರ್ಜಿನಿನ್ ಅಮೈನೋ ಆಮ್ಲವನ್ನು ಬೆರಳು ಚಾಚಿದಂತೆ ಚಾಚುತ್ತದೆ. ಎಟಿಪಿ ಮುರಿದಾಗ ಆ ಸಂದಿ ಸಡಿಲವಾಗುತ್ತದೆ, ತುಂಡುಗಳ ನಿಲುವು ಬದಲಾಗುತ್ತದೆ. ವಾಕರ್ ಅಂದರೆ ಜಾನ್ ವಾಕರ್. ಬೇರೆ ಬೇರೆ ಪ್ರೋಟೀನ್‌ಗಳಲ್ಲಿ ಒಂದೇ ತರಹ ಕಾಣುವ ಈ ಭಾಗಗಳನ್ನು 1982ರಲ್ಲಿ ಅವರೂ ಜೊತೆಗಾರರೂ ಗುರುತಿಸಿದರು.

ತೂತಿನ ಒಳಗೋಡೆಯಲ್ಲಿ ಆರು ತುಂಡಿನಿಂದಲೂ ಒಂದೊಂದು ಕುಣಿಕೆ ಡಿಎನ್‌ಎ ಎಳೆಯ ಕಡೆಗೆ ಚಾಚಿಕೊಂಡಿದೆ. ಇವು ಒಂದೇ ಮಟ್ಟದಲ್ಲಿ ಇಲ್ಲ. ಸುತ್ತುತ್ತಾ ಒಂದಕ್ಕಿಂತ ಒಂದು ಮೇಲೆ ಇವೆ, ಎಳೆಯ ತಿರುವನ್ನೇ ಹಿಂಬಾಲಿಸುತ್ತವೆ. ಎಲ್ಲಕ್ಕಿಂತ ಹಿಂದಿರುವ ತುಂಡು ಎಳೆಯನ್ನು ಬಿಟ್ಟು, ಎಲ್ಲರನ್ನೂ ದಾಟಿ ಮುಂದೆ ಬಂದು ಮತ್ತೆ ಹಿಡಿಯುತ್ತದೆ. ಆಮೇಲೆ ಈಗ ಹಿಂದೆ ಉಳಿದವನ ಸರದಿ. ಬಿಡುವುದಕ್ಕೂ ಹಿಡಿಯುವುದಕ್ಕೂ ಎಟಿಪಿ ಮುರಿಯುವುದು ಮತ್ತು ಹೊಸದು ಬಂದು ಕೂರುವುದೇ ಕಾರಣ. ಡಿಎನ್‌ಎ-ಬಿ ಒಂದು ಎಳೆಯನ್ನು ಹಿಡಿದ ಸ್ಥಿತಿಯ ರಚನೆ 2012ರಲ್ಲಿ ಬಂತು, ಯೇಲ್‌ನ ಥಾಮಸ್ ಸ್ಟೈಟ್ಜ್ ಅವರ ಲ್ಯಾಬಿನಿಂದ. 2009ರಲ್ಲಿ ನಮ್ಮ ವೆಂಕಟರಾಮನ್ ರಾಮಕೃಷ್ಣನ್ ಮತ್ತು ಆಡಾ ಯೋನಾಥ್ ಜೊತೆ ನೊಬೆಲ್ ಹಂಚಿಕೊಂಡವರು ಅವರೇ. ಆ ರಚನೆಯ ಪ್ರಕಾರ ಒಂದು ಹೆಜ್ಜೆಗೆ ಎರಡು ನ್ಯೂಕ್ಲಿಯೋಟೈಡ್ (ಎಳೆಯ ಬಿಡಿ ಘಟಕ). ನೀನು ಕೇಳಿದ್ದಕ್ಕೆ ಇದೇ ಉತ್ತರ: ಎಳೆಯನ್ನು ಹಿಡಿದು ಬಿಡುವ ಆ ಆರು ಕುಣಿಕೆಗಳೇ ಅದನ್ನು ಮುಂದೆ ಸರಿಸುವುದು.

ಇನ್ನೊಂದು ಸಂಗತಿ ಹೇಳಿ ಬಿಡುತ್ತೇನೆ. ಡಿಎನ್‌ಎ-ಬಿಯನ್ನು ಒಂಟಿಯಾಗಿ ಬಿಟ್ಟರೆ ಅದು ಸೆಕೆಂಡಿಗೆ ಸುಮಾರು 35 ಜೋಡಿಯಷ್ಟೇ ಬಿಚ್ಚುತ್ತದೆ. ಆಮೆ. ಪಾಲಿಮರೇಸ್ IIIರ ಟೌ ಅನ್ನುವ ಭಾಗ ಅದನ್ನು ಹಿಡಿದುಕೊಂಡಾಗ ಮಾತ್ರ ಸಾವಿರದ ಹತ್ತಿರ ಹೋಗುತ್ತದೆ. 1996ರಲ್ಲಿ ಇದು ಗೊತ್ತಾಯಿತು. ಹೊಸ ಎಳೆ ಶುರುವಾಗಲು ಬೇಕಾದ ಚಿಕ್ಕ ತುಣುಕು, ಅಂದರೆ ಪ್ರೈಮರ್ ಇಡುವ ಪ್ರೈಮೇಸ್ ಕೂಡ ಇದೇ ಉಂಗುರದ ಕಾಲರಿಗೆ ಬಂದು ಅಂಟಿಕೊಂಡು ಕೆಲಸ ಮಾಡುತ್ತದೆ. ಟಿ7 ಅನ್ನುವ ವೈರಸ್‌ನಲ್ಲಂತೂ ಹೆಲಿಕೇಸೂ ಪ್ರೈಮೇಸೂ ಒಂದೇ ಪ್ರೋಟೀನಿನಲ್ಲಿವೆ. ಹೆಲಿಕೇಸ್ ಬರೀ ಬಿಚ್ಚುತ್ತದೆ ಅಂತ ಬರೆದರೆ ಅದಕ್ಕೆ ಅನ್ಯಾಯ ಮಾಡಿದ ಹಾಗೆ. ಕವಲಿನ ಸುತ್ತ ಉಳಿದವರನ್ನು ಹಿಡಿದಿಡುವುದೂ ಅದೇ.


ಕುಂದಾ ಪ್ರಿಯ, ಬೆಳಗಾವಿ:

ನಾನು ಲ್ಯಾಬ್ ಟೆಕ್ನಿಷಿಯನ್. ಮೇಡಂ ಹೇಳಿದ ಜೈರೇಸನ್ನು ನಾವು ದಿನಾ ಬೇರೆ ರೂಪದಲ್ಲಿ ನೋಡುತ್ತೇವೆ. ಮೂತ್ರದ ಕಲ್ಚರ್‌ನಲ್ಲಿ ಇ. ಕೋಲಿ ಬೆಳೆದರೆ ಅದನ್ನು ಮುಲ್ಲರ್ ಹಿಂಟನ್ ಅಗಾರ್ ಪ್ಲೇಟಿನ ಮೇಲೆ ಹತ್ತಿಯ ಕಡ್ಡಿಯಿಂದ ಸವರಿ, ಮೇಲೆ ಔಷಧಿಯ ಡಿಸ್ಕ್‌ಗಳನ್ನು ಇಡುತ್ತೇವೆ. ಅದರಲ್ಲಿ ಒಂದು 5 ಮೈಕ್ರೋಗ್ರಾಂ ಸಿಪ್ರೊಫ್ಲಾಕ್ಸಾಸಿನ್. ಈ ಔಷಧಿ ಜೈರೇಸ್ ಡಿಎನ್‌ಎ ಕಡಿದ ಸ್ಥಿತಿಯಲ್ಲೇ ಅದನ್ನು ಸಿಕ್ಕಿಸಿ ಹಾಕುತ್ತದೆ, ಬೆಸೆಯಲು ಬಿಡುವುದಿಲ್ಲ. ಮರುದಿನ ಬೆಳಿಗ್ಗೆ ಡಿಸ್ಕ್ ಸುತ್ತ ಬೋಳಾದ ವೃತ್ತ ಕಂಡರೆ ಔಷಧಿ ನಾಟಿದೆ ಅಂತ ಅರ್ಥ. ಸ್ಕೇಲ್ ಇಟ್ಟು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಎಷ್ಟೋ ಸಲ ವೃತ್ತವೇ ಇರುವುದಿಲ್ಲ, ಡಿಸ್ಕ್ ಅಂಚಿನ ತನಕ ಬ್ಯಾಕ್ಟೀರಿಯಾ ಹಾಸಿಕೊಂಡಿರುತ್ತದೆ. ಜೈರೇಸಿನಲ್ಲಿ 83ನೇ ಜಾಗದ ಸೆರಿನ್ ಬದಲಾಗಿರುವುದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು.

ನನ್ನ ಪ್ರಶ್ನೆ: ಜೈರೇಸಿಗೆ ಇಷ್ಟು ಔಷಧಿ ಇವೆಯಲ್ಲ, ಹೆಲಿಕೇಸಿಗೆ ಯಾಕೆ ಕೇಳಿಲ್ಲ? ಇನ್ನೊಂದು, ವರ್ನರ್ ಸಿಂಡ್ರೋಮ್ ಹೆಲಿಕೇಸ್ ಕೆಟ್ಟರೆ ಬರುತ್ತದೆ ಅಂತ ಎಲ್ಲೋ ಓದಿದ್ದೆ. ಅದು ಇದೇ ಹೆಲಿಕೇಸಾ?


ಗುಮ್ಮಟದ ನೆರಳು, ವಿಜಯಪುರ:

ವರ್ನರ್ ವಿಷಯ ಒಳ್ಳೆಯದಾಯಿತು ಕೇಳಿದ್ದು. ಅದು ಇದಲ್ಲ. ಹೆಲಿಕೇಸ್ ಅನ್ನುವುದು ಒಂದು ಪ್ರೋಟೀನ್ ಅಲ್ಲ, ದೊಡ್ಡ ಬಳಗ. ಆರು ಸೂಪರ್‌ಫ್ಯಾಮಿಲಿಗಳಾಗಿ ವಿಂಗಡಿಸಿದ್ದಾರೆ. ಮೊದಲ ಎರಡರಲ್ಲಿ ಬರುವವು ಉಂಗುರ ಕಟ್ಟುವುದಿಲ್ಲ. ಉಳಿದ ನಾಲ್ಕರವು ಉಂಗುರ ಕಟ್ಟುತ್ತವೆ. ಡಿಎನ್‌ಎ-ಬಿ ನಾಲ್ಕನೆಯದು, ಎಂಸಿಎಂ ಆರನೆಯದು. ವರ್ನರ್‌ನಲ್ಲಿ ಕೆಡುವ ಡಬ್ಲ್ಯುಆರ್‌ಎನ್ ಎರಡನೆಯದು, ರೆಕ್ಯೂ ಅನ್ನುವ ಮನೆತನದ್ದು. ಅದರ ಕೆಲಸ ರಿಪೇರಿ ಮತ್ತು ಸಿಕ್ಕು ಬಿಡಿಸುವುದು. ಅದು ಕೆಟ್ಟವರಿಗೆ ಇಪ್ಪತ್ತರ ಆಸುಪಾಸಿನಲ್ಲೇ ಕೂದಲು ನರೆಯಲು ಶುರುವಾಗುತ್ತದೆ, ಆಮೇಲೆ ಬೇಗನೇ ಕಣ್ಣಿಗೆ ಪೊರೆ ಬರುತ್ತದೆ. ಬ್ಲೂಮ್ ಸಿಂಡ್ರೋಮ್ ಕೂಡ ಇದೇ ಮನೆತನದ ಇನ್ನೊಂದು ಹೆಲಿಕೇಸಿನದು. ಆದರೆ ಎಂಸಿಎಂ ಪೂರಾ ಕೆಟ್ಟರೆ ರೋಗದ ಮಾತೇ ಇಲ್ಲ. ಕೋಶವೇ ಒಡೆದು ಎರಡಾಗುವುದಿಲ್ಲ, ಮಗು ಹುಟ್ಟುವುದೇ ಇಲ್ಲ.

ಒಂದು ತಮಾಷೆ ಕೇಳಿ. 1976ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಅಬ್ದೆಲ್-ಮೊನೆಮ್ ಮತ್ತು ಹಾಫ್‌ಮನ್-ಬರ್ಲಿಂಗ್ ಇ. ಕೋಲಿಯಿಂದ ಮೊಟ್ಟಮೊದಲ ಡಿಎನ್‌ಎ ಹೆಲಿಕೇಸ್ ತೆಗೆದರು. ಹೆಲಿಕೇಸ್ I. ಆಮೇಲೆ ನೋಡಿದರೆ ಅದು ಇ. ಕೋಲಿಯ ಕವಲಿನದೇ ಅಲ್ಲ! ಎಫ್ ಪ್ಲಾಸ್ಮಿಡ್ ಅನ್ನುವ ಬೇರೆಯೇ ಒಂದು ಚಿಕ್ಕ ಡಿಎನ್‌ಎ ಬಳೆಯ ಪ್ರೋಟೀನ್. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಡಿಎನ್‌ಎ ದಾಟಿಸುವಾಗ ಕೆಲಸ ಮಾಡುವಂಥದ್ದು.

ಔಷಧಿ ಇದೆ, ಆದರೆ ವೈರಸ್‌ನ ಹೆಲಿಕೇಸಿಗೆ. ಹರ್ಪಿಸ್ ಬಳಗದ ವೈರಸ್‌ಗಳಿಗೆ ತಮ್ಮದೇ ಹೆಲಿಕೇಸ್-ಪ್ರೈಮೇಸ್ ಇರುತ್ತದೆ. ಅದನ್ನು ತಡೆಯುವ ಅಮೆನಾಮೆವಿರ್ ಅನ್ನುವ ಮಾತ್ರೆಗೆ 2017ರಲ್ಲಿ ಜಪಾನಿನಲ್ಲಿ ಒಪ್ಪಿಗೆ ಸಿಕ್ಕಿತು, ಸರ್ಪಸುತ್ತಿಗೆ. ಬ್ಯಾಕ್ಟೀರಿಯಾದ ಡಿಎನ್‌ಎ-ಬಿಯನ್ನು ಹಿಡಿಯುವುದು ಕಷ್ಟ ಯಾಕೆ ಅಂತ ನನ್ನ ಅಂದಾಜು ಹೇಳುತ್ತೇನೆ. ಎಟಿಪಿ ಕೂರುವ ಜಾಗಕ್ಕೆ ಔಷಧಿ ಮಾಡಿದರೆ ಅದೇ ತರಹದ ಜಾಗ ನಮ್ಮ ನೂರಾರು ಪ್ರೋಟೀನ್‌ಗಳಲ್ಲೂ ಇದೆ. ಬ್ಯಾಕ್ಟೀರಿಯಾದ್ದನ್ನು ಮಾತ್ರ ಹುಡುಕಿ ಹೊಡೆಯುವುದು ಸುಲಭವಲ್ಲ.


ಕೃಷ್ಣೆಯ ದಂಡೆ, ಜಮಖಂಡಿ:

ಉತ್ತರ ಬರೆದು ನೋಡಿದೆ ಮೇಡಂ, ಎರಡು ಪುಟ ಆಯಿತು. ಐದು ಅಂಕಕ್ಕೆ ಜಾಸ್ತಿಯೇ. ಒಂದೇ ಒಂದು ಪ್ರಶ್ನೆ ಉಳಿದಿದೆ. ಬಳೆಯಾಕಾರದ ಡಿಎನ್‌ಎಯಲ್ಲಿ ಎರಡು ಹೆಲಿಕೇಸ್ ಎರಡು ಕಡೆಯಿಂದ ಹೊರಟರೆ ಕೊನೆಗೆ ಎದುರುಬದುರು ಬರಲೇ ಬೇಕಲ್ಲ. ಆಗ ನಿಲ್ಲಿಸುವವರು ಯಾರು?


ಗುಮ್ಮಟದ ನೆರಳು, ವಿಜಯಪುರ:

ಓರಿ-ಸಿಗೆ ಹೆಚ್ಚುಕಡಿಮೆ ಎದುರಿನ ಭಾಗದಲ್ಲಿ ಟರ್ ಅನ್ನುವ ಚಿಕ್ಕ ಚಿಕ್ಕ ಜಾಗಗಳಿವೆ. ಅವುಗಳ ಮೇಲೆ ಟಸ್ ಅನ್ನುವ ಪ್ರೋಟೀನ್ ಕೂತಿರುತ್ತದೆ. ಟಸ್‌ನ ಗುಣ ಏನು ಗೊತ್ತಾ? ಒಂದು ಕಡೆಯಿಂದ ಬಂದ ಹೆಲಿಕೇಸನ್ನು ದಾಟಲು ಬಿಡುತ್ತದೆ, ಇನ್ನೊಂದು ಕಡೆಯಿಂದ ಬಂದದ್ದನ್ನು ತಡೆದು ನಿಲ್ಲಿಸುತ್ತದೆ. ಟರ್‌ಗಳು ಎರಡು ಗುಂಪಾಗಿ, ಒಂದಕ್ಕೊಂದು ವಿರುದ್ಧ ಮುಖ ಮಾಡಿ ಇವೆ. ಹಾಗಾಗಿ ಬೇಗ ಬಂದ ಕವಲು ಒಳಗೆ ನುಗ್ಗಬಹುದು, ಎದುರು ಗುಂಪನ್ನು ದಾಟಿ ಹೊರಗೆ ಹೋಗುವ ಹಾಗಿಲ್ಲ. ತಡವಾಗಿ ಬರುವವನಿಗೆ ಅಲ್ಲೇ ಕಾಯುತ್ತದೆ.

ನಮ್ಮ ಕೋಶದಲ್ಲಿ ಹೀಗಿಲ್ಲ. ಎರಡು ಕವಲು ಸಿಕ್ಕ ಮೇಲೆ ಎಂಸಿಎಂ 7ರ ಮೇಲೆ ಯುಬಿಕ್ವಿಟಿನ್ ಅನ್ನುವ ಗುರುತು ಬೀಳುತ್ತದೆ. ಪಿ97 ಅನ್ನುವ ಇನ್ನೊಂದು ಯಂತ್ರ ಬಂದು ಆ ಗುರುತು ನೋಡಿ ಇಡೀ ಸಿಎಂಜಿಯನ್ನು ಡಿಎನ್‌ಎಯಿಂದ ಕಿತ್ತು ತೆಗೆಯುತ್ತದೆ. ಆ ಪಿ97 ಕೂಡ ಆರು ತುಂಡಿನ ಉಂಗುರವೇ, ಎಟಿಪಿ ಉರಿಸುವಂಥದ್ದೇ.

ಎರಡು ಪುಟವನ್ನು ಒಂದಕ್ಕೆ ಇಳಿಸು. ಟಸ್ ಬಿಟ್ಟರೂ ನಡೆಯುತ್ತದೆ, ಚಿತ್ರ ಬಿಡಬೇಡ. ಉಂಗುರದ ಒಳಗಿನ ಎಳೆಗೆ 5' ಮತ್ತು 3' ಗುರುತು ಹಾಕು.